ಆಯುಧಪೂಜೆಗೆ ನಿಲ್ಲದ ಮಿಷನ್ನು

ಪೀಣ್ಯದ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ಕೋಣೆ ಗುಡಿಸುತ್ತಿದ್ದೆ. ಎಲ್ಲರೂ ಯೂನಿಕ್ಸ್ ಎಂದು ಕರೆಯುತ್ತಿದ್ದ ಕಂಪ್ಯೂಟರ್ ಮಿಷನ್ನು ಅಲ್ಲಿತ್ತು. ಆಯುಧಪೂಜೆಯ ಬೆಳಿಗ್ಗೆ ಅದರ ಒಳಗನ್ನೂ ಶುಚಿ ಮಾಡಲು ಹೋದ ಎಂಜಿನಿಯರು, ಬೇಡದ ಫೈಲುಗಳ ಜೊತೆ ಮಿಷನ್ನು ಓಡಲು ಬೇಕಾದವನ್ನೂ ಅಳಿಸಿಬಿಟ್ಟರು. ಫೈಲುಗಳ ನಕಲು ಇಟ್ಟಿದ್ದ ಹಳೆಯ ಟೇಪು ಹಾಕಿ ಅವನ್ನು ವಾಪಸು ತುಂಬಿಸುತ್ತಾ ಕೂತರು.

ಪೂಜೆಗೆ ಎಲ್ಲ ಮಿಷನ್ನೂ ನಿಲ್ಲಬೇಕು. ಹೊರಗೆ ಲೇಥುಗಳು ಒಂದೊಂದಾಗಿ ನಿಂತವು. ಎಲೆಕ್ಟ್ರಿಷಿಯನ್ ಬಾಗಿಲಿಗೆ ಬಂದ.

"ಸಾರ್, ಪೂಜಾರಪ್ಪ ಕಾಯ್ತಾವ್ರೆ. ಮೇನ್ ಸ್ವಿಚ್ ತೆಗೀಲಾ?"

"ಕೈ ಇಟ್ಟೀಯಾ, ಜೋಕೆ! ಈಗ ಆರಿಸಿದ್ರೆ ಇದು ಮತ್ತೆ ಏಳಲ್ಲ. ನನ್ನ ಕೆಲಸಾನೂ ಹೋಗುತ್ತೆ ಕಣೋ."

"ಒಂದು ಮಿಷನ್ ಓಡ್ತಿದ್ರೆ ಚಾಮುಂಡವ್ವ ಸುಮ್ಕಿರ್ತಾಳಾ ಸಾರ್? ಯಾರದಾದ್ರೂ ಕೈ ತಗೊಳ್ತಾಳೆ."

ಎಂಜಿನಿಯರು ಟೇಪಿನ ಕಡೆ ತಿರುಗಿದರು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಟೇಪಿನ ಕರಕರ ಒಂದೇ ಸದ್ದು. ಕುಂಕುಮದ ಬಟ್ಟಲು ಹಿಡಿದು ನಾನು ನಿಂತೇ ಇದ್ದೆ.

ಕೊನೆಗೆ ಟೇಪು ಪೂರ್ತಿ ಓಡಿ ನಿಂತಿತು. "ತೆಗಿ," ಎಂದರು ಎಂಜಿನಿಯರು. ಕತ್ತಲಾಯಿತು. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದರು. ಮತ್ತೆ ಸ್ವಿಚ್ಚು ಹಾಕಿದಾಗ ಪರದೆ ಕಪ್ಪಗೇ ಇತ್ತು. ಬಹಳ ಹೊತ್ತಿನ ಮೇಲೆ ಹಸಿರು ಅಕ್ಷರಗಳು ಬಂದವು.

ಎಂಜಿನಿಯರು ನನ್ನ ಬಟ್ಟಲಿಂದ ಕುಂಕುಮ ತೆಗೆದು ಮಿಷನ್ನಿಗೆ ಹಚ್ಚಿದರು. ಅರ್ಧ ನೆಲಕ್ಕೆ ಚೆಲ್ಲಿತು. ಅದನ್ನೂ ನಾನೇ ಗುಡಿಸಿದೆ.