ಈಜುಕೊಳಕ್ಕೆ ಬಿಟ್ಟ ಅರಿಸಿನ

ಸಾರ್ವಜನಿಕ ಈಜುಕೊಳ ಅನ್ನುವುದನ್ನು ನಾನು ಮೊದಲ ಸಲ ಕಂಡದ್ದು ಇಂಗ್ಲೆಂಡಿನಲ್ಲಿ, ಹೆತ್ತು ಇಪ್ಪತ್ತೊಂದನೆಯ ದಿನ. ಬಾಗಿಲು ತೆಗೆದ ಕೂಡಲೇ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ನಾರಾಯಣಪೇಟೆಯ ನಮ್ಮ ಹಿತ್ತಲಲ್ಲಿ, ಬಣ್ಣ ಹಾಕುವ ಮೊದಲು ನೂಲು ಬಿಳಿ ಮಾಡಲು ಇದೇ ಪುಡಿ ಕಲಸಿದ ತೊಟ್ಟಿ ಇತ್ತು. ಅದರ ಹತ್ತಿರ ಸುಳಿದರೆ ಅಪ್ಪ ಕಿವಿ ಹಿಂಡುತ್ತಿದ್ದ. ಇಲ್ಲಿಯವರು ಟಿಕೆಟು ತೆಗೆದುಕೊಂಡು ಅಂಥ ತೊಟ್ಟಿಗೇ ಇಳಿದು, ಬಾಯಿಗೆ ಹೋದ ನೀರನ್ನು ಅದರಲ್ಲೇ ಉಗುಳಿ, ಮತ್ತೆ ಮುಳುಗುತ್ತಿದ್ದರು. ಒಬ್ಬಳ ಕಾಲು ತೊಳೆದ ನೀರು ಇನ್ನೊಬ್ಬಳ ಬಾಯಿಗೆ. ಕಕ್ಕಸಿನಲ್ಲಿ ಕಾಗದ ಬಳಸುವ ಜನ ಇನ್ನೇನು ಮಾಡಿಯಾರು ಅಂದುಕೊಂಡೆ.

ಆ ಊರೂ ಹಾಗೆಯೇ ಇತ್ತು. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳಿಂದ ಮೆರೆದದ್ದಂತೆ. ಇವರ ಗಿರಣಿ ಬಟ್ಟೆ ಬಂದು ನಮ್ಮ ಕಡೆ ಎಷ್ಟು ಮನೆಯ ಮಗ್ಗ ನಿಂತವೋ ದೇವರಿಗೇ ಗೊತ್ತು. ಈಗ ಇವರ ಗಿರಣಿ ಕೆಡವಿದ ಜಾಗದಲ್ಲಿ ಈ ಕೊಳ ಕಟ್ಟಿದ್ದಾರೆ. ನಮ್ಮಪ್ಪನ ಮಗ್ಗ ಇನ್ನೂ ಆಡುತ್ತಿತ್ತು. ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿಯುತ್ತಿದ್ದ ನನಗೆ ದಿನವೂ ಅದನ್ನು ನೆನೆಸಿಕೊಂಡು ಒಳಗೊಳಗೇ ಖುಷಿ.

ನಾವು ಕೊಳಕ್ಕೆ ಹೋದದ್ದು ಈಜಲು ಅಲ್ಲ. ನನ್ನ ಬಾಣಂತನಕ್ಕೆಂದು ಅತ್ತೆ ಗದ್ವಾಲದಿಂದ ಬಂದಿದ್ದರು. ತೆಲಂಗಾಣ ಬೇರೆ ರಾಜ್ಯವಾದ ವರ್ಷ ಅದು. ಮೊದಲೇ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಆಂಧ್ರ ಅಂತಿತ್ತು. ವಿಮಾನ ನಿಲ್ದಾಣದ ಅಧಿಕಾರಿಗೆ ಅತ್ತೆ ತೆಲುಗಿನಲ್ಲಿ, ಆ ರಾಜ್ಯ ಈಗ ನಮ್ಮದಲ್ಲ, ತಿದ್ದಿ ಕೊಡು ಎಂದು ಹಟ ಹಿಡಿದರಂತೆ. ಅವನು ತಿದ್ದದೆ ಕಳಿಸಿದ್ದಕ್ಕೆ ಬಂದ ಮೇಲೂ ಮೂರು ದಿನ ಬೈದರು. ಅಂಥ ಹೆಂಗಸು.

ನಮ್ಮ ಕಡೆ ಹೆತ್ತವಳು ಇಪ್ಪತ್ತೊಂದಕ್ಕೆ ಬಾವಿಗೆ ಹೋಗಿ, ದಂಡೆಯ ಮೇಲೆ ಐದು ಕಲ್ಲಿಟ್ಟು ಗಂಗವ್ವನ ಪೂಜೆ ಮಾಡಿ, ಅರಿಸಿನ ಕುಂಕುಮ ನೀರಿಗೆ ಬಿಟ್ಟು, ಅಲ್ಲಿಯ ನೀರನ್ನು ಮನೆಗೆ ತರಬೇಕು. ಅಲ್ಲಿಯತನಕ ಅವಳು ಒಲೆ ಮುಟ್ಟುವಂತಿಲ್ಲ, ನೀರಿನ ಕೊಡ ಮುಟ್ಟುವಂತಿಲ್ಲ. ಅತ್ತೆಯ ಮೊದಲ ಮಗಳು ಹುಟ್ಟಿದ ವರ್ಷ ಬಾವಿ ಬತ್ತಿತ್ತು. ಮನೆಯ ಹಿರಿಯರು ಬಚ್ಚಲ ಹಂಡೆಗೇ ಪೂಜೆ ಮಾಡಿಸಿ ಕೈತೊಳೆದುಕೊಂಡರು. ಕೂಸು ಮೂರು ತಿಂಗಳು ದಾಟಲಿಲ್ಲ. ಯಾಕೆ ಹೋಯಿತೆಂದು ಡಾಕ್ಟರಿಗೆ ತಿಳಿಯಲಿಲ್ಲ, ಅತ್ತೆಗೆ ಮಾತ್ರ ಅನುಮಾನವೇ ಇರಲಿಲ್ಲ. ನನಗೆ ಇದೆಲ್ಲ ಶುದ್ಧ ಮೂಢತನ. ಆದರೆ ತೊಟ್ಟಿಲಲ್ಲಿದ್ದ ನನ್ನ ಮಗಳನ್ನು ಅವರು ನೋಡುತ್ತಿದ್ದ ರೀತಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ.

ಅಡುಗೆ ಮನೆಯ ನಳಕ್ಕೇ ಪೂಜೆ ಮಾಡೋಣ ಎಂದ ನನ್ನ ಗಂಡ.

"ನಳದಾಗ ಎಲ್ಲಿ ಗಂಗವ್ವ ಇರತಾಳೋ?" ಅಂದರು ಅತ್ತೆ. "ಹಂಡೇಕ ಮಾಡಿ ಒಂದು ಕೂಸು ಕಳಕೊಂಡೀನಿ. ಕಣ್ಣಿಗಿ ಕಾಣೋ ನೀರು ಬೇಕು."

ಊರ ಕಾಲುವೆ ತೋರಿಸಿದೆವು. ಅದರಲ್ಲಿ ಒಂದು ಸೈಕಲ್ಲು ಮುಳುಗಿತ್ತು, ದಂಡೆಯ ತುಂಬ ಬಾತುಕೋಳಿ ಹಿಕ್ಕೆ. ಅತ್ತೆ ಮೂಗು ಮುಚ್ಚಿಕೊಂಡು ತಿರುಗಿದರು. ಆಗ ಗಂಡನಿಗೆ ಈ ಕೊಳ ಹೊಳೆಯಿತು. ಅವನಿಗೆ ಹೊಳೆಯುವುದು ವರ್ಷಕ್ಕೊಂದು, ಅದೂ ಹೀಗೆ.

ಹೆಂಗಸರಿಗಷ್ಟೇ ಎಂದು ಮೀಸಲಿಟ್ಟ ಹೊತ್ತಿಗೆ ಹೋದೆವು. ಅವನು ಕೂಸನ್ನೆತ್ತಿಕೊಂಡು ಹೊರಗೆ ಉಳಿದ. ನನ್ನ ಮೈ ಇನ್ನೂ ಹಸಿ, ನೀರಿಗಿಳಿಯುವಂತಿರಲಿಲ್ಲ. ದಂಡೆಯಲ್ಲಿ ಕೂತು ನೋಡುತ್ತೇವೆ ಎಂದು ಹೇಳಿ ಒಳಗೆ ಬಂದೆವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮುದುಕಿಯರು ಬರಿಮೈಯಲ್ಲಿ ನಿಂತು ಮಳೆಯ ಬಗ್ಗೆ ಮಾತಾಡುತ್ತಿದ್ದರು. ಅತ್ತೆ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು, ಟಿಕೆಟು ಕೊಡುವಲ್ಲಿ ಕೊಟ್ಟ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಕಾಲಿಗೆ ಹಾಕಿಕೊಂಡು, ಜರಿ ಅಂಚಿನ ಗದ್ವಾಲ ಸೀರೆಯಲ್ಲಿ ಸರಸರ ನಡೆದರು.

ಹೊರಗೆ ಕಾರು ನಿಲ್ಲಿಸುವಲ್ಲಿ ಆರಿಸಿ ತಂದಿದ್ದ ಐದು ಕಲ್ಲುಗಳನ್ನು ದಂಡೆಯ ಮೇಲಿಟ್ಟು ಅತ್ತೆ ಕುಂಕುಮ ಹಚ್ಚಿದರು. ಚಿಟಿಕೆ ಅರಿಸಿನ ಸಾಕು ಎಂದು ನಾನು ಮೊದಲೇ ಹೇಳಿದ್ದೆ. ಮೊಮ್ಮಗಳ ಜೀವದ ಮಾತು ಬಂದಾಗ ಯಾರು ಚಿಟಿಕೆಗೆ ನಿಲ್ಲುತ್ತಾರೆ? ಹಿಡಿ ತುಂಬ ತೆಗೆದು ಬಿಟ್ಟರು. ಹಳದಿ ಬಣ್ಣ ಮೆಲ್ಲಗೆ ಹರಡಿ ಈಜುವವರ ಕಡೆ ಹೊರಟಿತು. ಒಬ್ಬಳು ಅದನ್ನು ಕಂಡು ಕಿರುಚಿದಳು. ಕಾವಲಿನವಳು ಸೀಟಿ ಊದಿದಳು. ಎಲ್ಲರೂ ದಡಬಡಿಸಿ ಮೇಲೆ ಹತ್ತಿ, ಟವೆಲು ಸುತ್ತಿಕೊಂಡು, ಅತ್ತೆಯ ಸೀರೆಯ ಕೆಳಭಾಗವನ್ನೇ ನೋಡತೊಡಗಿದರು. ಅವರು ಏನೆಂದುಕೊಂಡಿದ್ದಾರೆಂದು ನನಗೆ ತಕ್ಷಣ ಗೊತ್ತಾಯಿತು. ಅಷ್ಟು ಹೊತ್ತು ಉಗುಳಿದ ನೀರಿನಲ್ಲಿ ಹೊರಳಾಡಿದವರಿಗೆ ಈಗ ಮಡಿ ನೆನಪಾಗಿತ್ತು.

ಕಾವಲಿನವಳು ನನಗಿಂತ ದೊಡ್ಡವಳು, ದಪ್ಪ ತೋಳಿನ ಹೆಂಗಸು. ಹತ್ತಿರ ಬಂದು ಇದೇನೆಂದು ಕೇಳಿದಳು. ಇದು ಪೂಜೆ, ಇದು ಅರಿಸಿನ, ಈಕೆ ಒಂದು ಕೂಸು ಕಳೆದುಕೊಂಡವಳು ಎನ್ನಬಹುದಿತ್ತು. ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ಆದರೆ ಆ ಟವೆಲು ಸುತ್ತಿಕೊಂಡ ಗುಂಪಿನ ಮುಂದೆ ನಾನು ಈ ಹೆಂಗಸಿನ ಪೈಕಿ ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

"ಕ್ಷಮಿಸಿ, ಇವರಿಗೆ ತಲೆ ಸರಿಯಿಲ್ಲ," ಅಂದೆ. "ಏನು ಮಾಡುತ್ತಾರೆಂದು ಇವರಿಗೇ ತಿಳಿಯುವುದಿಲ್ಲ."

ಆಸ್ಪತ್ರೆಯಲ್ಲಿ ರೋಗಿಗಳ ಬಗ್ಗೆ ಹೇಳುವ ದನಿಯಲ್ಲೇ ಹೇಳಿದೆ. ಅತ್ತೆ ಪಕ್ಕದಲ್ಲಿ ನಿಂತು, ಸೊಸೆ ತನ್ನ ಪರವಾಗಿ ಮಾತಾಡುತ್ತಿದ್ದಾಳೆಂದು ತಲೆಯಾಡಿಸುತ್ತಿದ್ದರು.

ಆ ಹೆಂಗಸಿನ ಮುಖ ಮೆತ್ತಗಾಯಿತು. ತನ್ನ ತಾಯಿಯೂ ಕೊನೆಗಾಲದಲ್ಲಿ ಹೀಗೇ ಆಗಿದ್ದಳು ಅಂದಳು. ಅನ್ನುವಾಗ ಅವಳ ಕಣ್ಣು ತುಂಬಿದವು. ಅತ್ತೆಯ ಕೈಯಲ್ಲಿದ್ದ ಹಿತ್ತಾಳೆ ತಂಬಿಗೆ ಇಸಿದುಕೊಂಡು, ಅರಿಸಿನ ಮುಟ್ಟದ ಆಚೆ ತುದಿಗೆ ಹೋಗಿ, ತುಂಬಿ ತಂದು ಎರಡೂ ಕೈಯಿಂದ ಕೊಟ್ಟಳು. ಅತ್ತೆ ಅವಳ ಕೆನ್ನೆ ಸವರಿ ಲಟಿಕೆ ಮುರಿದರು. ನಾನು ಆ ಐದು ಕಲ್ಲುಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡೆ. ನನ್ನ ನಾಲಿಗೆಗೆ ನಾನೇ ಹೇಸಿದ್ದು ಅದೇ ಮೊದಲು.

ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತೆ ಕೇಳಿದರು, "ಅಕಿಗಿ ಏನ್ ಹೇಳಿದ್ಯವ್ವ?"

"ನಿಮ್ಮ ಮಗಳ ಸುದ್ದಿ ಹೇಳಿದೆ ಅತ್ತಿ."

ಅತ್ತೆ ತೊಡೆಯ ಮೇಲಿನ ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡು ಕೂತಿದ್ದರು.

"ಅದಕ್ಕ ಅಕಿ ಕಣ್ಣಾಗ ನೀರು ಬಂದ್ವು," ಅಂದರು ಆಮೇಲೆ. "ನಮ್ಮ ಮನ್ಯಾಗ ಆ ಕೂಸಿಗಿ ಯಾರೂ ಅಳಲಿಲ್ಲ ನೋಡು."

ಊರಿಗೆ ಹೊರಡುವ ದಿನ ಅತ್ತೆ ಪೆಟ್ಟಿಗೆಯ ತಳದಿಂದ ಹೊಸ ಸೀರೆಯೊಂದನ್ನು ತೆಗೆದರು. ನನಗೆಂದೇ ಅವರು ಕೈಯಾರೆ ನೇಯ್ದು ತಂದದ್ದು. ನಿನಗೆ ಇನ್ನೊಂದು ನೇಯ್ದು ಕಳಿಸುತ್ತೇನೆ, ಇದನ್ನು ಆ ಹೆಣ್ಣುಮಗಳಿಗೆ ಕೊಡು ಅಂದರು. ನಾನು ಕೊಡಲಿಲ್ಲ. ಅವಳಿಗೇನು ಗೊತ್ತು ಸೀರೆಯ ಬೆಲೆ, ಕಿಟಕಿಗೆ ಪರದೆ ಮಾಡಿಕೊಂಡಾಳು ಎಂದು ನನಗೆ ನಾನೇ ಹೇಳಿಕೊಂಡೆ.

ಈಗ ನನ್ನ ಮಗಳು ಅದೇ ಕೊಳಕ್ಕೆ ಈಜು ಕಲಿಯಲು ಹೋಗುತ್ತಾಳೆ. ನಾನು ಬಾಗಿಲಲ್ಲೇ ಬಿಟ್ಟು ಬರುತ್ತೇನೆ. ಜರಿ ಮುರಿಯಬಾರದೆಂದು ವರ್ಷಕ್ಕೊಮ್ಮೆ ಆ ಸೀರೆಯನ್ನು ಬಿಚ್ಚಿ ಮಡಿಕೆ ಬದಲಿಸುತ್ತೇನೆ. ಗದ್ವಾಲದಿಂದ ಫೋನು ಬಂದಾಗಲೆಲ್ಲ ಅತ್ತೆ ಮೊಮ್ಮಗಳ ಸುದ್ದಿ ಕೇಳಿ, ಆಮೇಲೆ ಆ ಹೆಂಗಸು ಸೀರೆ ಉಡುತ್ತಾಳೋ ಇಲ್ಲವೋ ಎಂದು ಕೇಳುತ್ತಾರೆ.

"ಉಡತಾಳ್ರಿ ಅತ್ತಿ," ಅನ್ನುತ್ತೇನೆ, "ಭಾಳ ಚಂದ ಕಾಣತಾಳ."