ಭೋಂಗಾ ಕೇಳದ ಕಿಟಕಿ

ನಾಚಾರಂ ಎಂಬ ಕಾರ್ಖಾನೆ ಬಡಾವಣೆಯ ನಮ್ಮ ಮನೆಯ ಕಿಟಕಿ ಬಾಗಿಲುಗಳನ್ನು ಅಪ್ಪ ಪೆಟ್ಟಿಗೆ ಹಲಗೆಯಿಂದ ಮಾಡಿಸಿದ್ದ. ಅವನು ದುಡಿಯುತ್ತಿದ್ದ ಕಾರ್ಖಾನೆಗೆ ಯಂತ್ರಗಳು ಅಂಥ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಹಲಗೆಗಳ ಮೇಲೆ ಕಪ್ಪು ಬಣ್ಣದ ಇಂಗ್ಲಿಷ್ ಅಕ್ಷರಗಳು, ಪಕ್ಕದಲ್ಲೊಂದು ಬಾಣ. ಈ ಬದಿ ಮೇಲಿರಲಿ ಎಂದು ಹೇಳಬೇಕಾದ ಆ ಬಾಣ ನಮ್ಮ ಮನೆಯಲ್ಲಿ ನೆಲ ನೋಡುತ್ತಿತ್ತು. ಓದು ಅಪ್ಪನಿಗೂ ಬರುತ್ತಿರಲಿಲ್ಲ, ಬಡಗಿಗೂ ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಇಂಗ್ಲಿಷ್ ಅಕ್ಷರಗಳನ್ನು ಮೊದಲು ಗುರುತು ಹಿಡಿದದ್ದು ಆ ಕಿಟಕಿಯ ಮೇಲೆ, ತಲೆಕೆಳಗಾಗಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅವ್ವ ತೀರಿಹೋದ ಮೇಲೆ ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ಕಾರ್ಖಾನೆಯ ಫೌಂಡ್ರಿಯಲ್ಲಿ, ಕಾದ ಕಬ್ಬಿಣ ಎರೆಯುವ ಜಾಗದಲ್ಲಿ, ವರ್ಷಗಟ್ಟಲೆ ಹೊಗೆ ಕುಡಿದು ಅಪ್ಪನ ಎದೆ ಸುಟ್ಟುಹೋಗಿತ್ತು. ನಿವೃತ್ತನಾದ ಮೇಲೆ ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ಇನ್ನು ಹೊಗೆ, ಧೂಳು ತಾಗಿದರೆ ಮನೆಯಲ್ಲಿ ಇಟ್ಟುಕೊಳ್ಳುವುದು ಆಗುವುದಿಲ್ಲ, ಆಸ್ಪತ್ರೆಯೇ ಗತಿ ಎಂದು ಡಾಕ್ಟರು ಹೇಳಿದರು. ನಮ್ಮ ಕಿಟಕಿಗಳೋ ಗೆದ್ದಲು ಹಿಡಿದು, ಸೊಟ್ಟಗಾಗಿ, ಎಷ್ಟು ಒತ್ತಿದರೂ ಬೆರಳು ತೂರುವಷ್ಟು ಸಂದಿ ಬಿಡುತ್ತಿದ್ದವು. ಕಾರ್ಖಾನೆಯ ಹೊಗೆ ಆ ಸಂದಿಯಿಂದಲೇ ಬಂದು ಅಪ್ಪನ ಹಾಸಿಗೆಯ ಮೇಲೆ ಕೂರುತ್ತಿತ್ತು. ನಾನು ಕೆಲಸ ಮಾಡುವ ಆಫೀಸಿನಲ್ಲಿ ವಿಚಾರಿಸಿ, ಅಲ್ಯೂಮಿನಿಯಂ ಚೌಕಟ್ಟಿನ, ಗಾಜು ಸರಿಸುವ ಕಿಟಕಿ ಹಾಕಿಸುವುದೆಂದು ನಿಶ್ಚಯಿಸಿದೆ.

ಅಳತೆಗೆ ಬಂದವನು ಮಾತುಗಾರ. ಒಂದೊಂದು ಕಿಟಕಿಗೂ ಅಗಲವನ್ನು ಮೇಲೆ, ನಡುವೆ, ಕೆಳಗೆ ಹಿಡಿದು, ಮೂರರಲ್ಲಿ ಕಡಿಮೆ ಬಂದದ್ದನ್ನು ಬರೆದುಕೊಳ್ಳುತ್ತಿದ್ದ. ನಮ್ಮ ಮನೆಯಲ್ಲಿ ಮೂರೂ ಒಂದಕ್ಕೊಂದು ತಾಳೆಯಾಗಲಿಲ್ಲ. ಈ ಗೋಡೆ ಕಟ್ಟಿದ ಮೇಸ್ತ್ರಿ ಕುಡಿದಿದ್ದನೇನೋ ಎಂದು ಹಿಂದಿಯಲ್ಲಿ ನಕ್ಕ. ಕಟ್ಟಿದವನು ಹಾಸಿಗೆಯ ಮೇಲೇ ಕೂತಿದ್ದ.

“ಅವಗ ಹೇಳವ್ವಾ,” ಎಂದ ಅಪ್ಪ, “ರಾತ್ರಿ ಪಾಳಿ ಮುಗಿಸಿ ಬಂದು ಕಟ್ಟಿದ ಗೋಡಿ ಇದು. ನಿದ್ದಿಗಣ್ಣಾಗ ಕಟ್ಟಿದ್ದು ನೆಟ್ಟಗ ಹೆಂಗಿರತೈತಿ?”

ನಾನು ಹೇಳಿದೆ. ಅವನು ನಗು ನುಂಗಿಕೊಂಡು ಟೇಪು ಸುತ್ತಿಕೊಂಡ. ಆಗ ಅಪ್ಪ ತನಗೆ ಬೇಕಾದ ಒಂದೇ ಪ್ರಶ್ನೆಯನ್ನು ತಾನೇ ಹಿಂದಿಯಲ್ಲಿ ಕೇಳಿದ: ಗಾಜು ಮುಚ್ಚಿದರೆ ಭೋಂಗಾ ಕೇಳಿಸುತ್ತದೆಯೋ ಇಲ್ಲವೋ?

ಭೋಂಗಾ ಅಂದರೆ ಕಾರ್ಖಾನೆಯ ಸೈರನ್ನು. ಪಾಳಿ ಬದಲಾಗುವಾಗ ಊದುತ್ತಿತ್ತು. ಅಪ್ಪನಿಗೆ ಗಡಿಯಾರ ನೋಡುವುದು ಬರುತ್ತಿತ್ತು, ಆದರೆ ನಂಬುತ್ತಿರಲಿಲ್ಲ. ಸ್ನಾನ, ಚಹಾ, ಗುಳಿಗೆ ಎಲ್ಲ ಭೋಂಗಾದ ಮೇಲೆ. ಮಧ್ಯಾಹ್ನದ್ದು ಊದಿದ ಮೇಲೆ ಅಪ್ಪನ ಜೊತೆ ಫೌಂಡ್ರಿಯಲ್ಲಿದ್ದ ಬೀದರ ಕಡೆಯ ಗೆಳೆಯನೊಬ್ಬ ಗೇಟಿನಿಂದ ನೇರ ನಮ್ಮ ಮನೆಗೆ ಬಂದು, ಯಾರು ಯಾರಿಗೆ ಬೈದರು ಎಂಬುದನ್ನೆಲ್ಲ ಒಪ್ಪಿಸಿ ಹೋಗುತ್ತಿದ್ದ. ಅಪ್ಪ ಬದುಕಿದ್ದದ್ದು ಆ ಸುದ್ದಿಯ ಮೇಲೆಯೇ ಅನ್ನಬೇಕು.

ಸದ್ದು ಒಳಗೆ ಬಾರದಿರುವುದೇ ಈ ಕಿಟಕಿಯ ಹೆಚ್ಚುಗಾರಿಕೆ ಎಂದ ಅಳತೆಯವನು. ಹಾಗಾದರೆ ಬೇಡವೇ ಬೇಡ ಎಂದು ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ. ಭೋಂಗಾದ ಹೊತ್ತಿಗೆ ಗಾಜು ಸರಿಸುತ್ತೇನೆ, ನಾನಿಲ್ಲದಾಗ ಪಕ್ಕದ ಮನೆಯಾಕೆಗೆ ಹೇಳಿರುತ್ತೇನೆ ಎಂದು ಮಾತು ಕೊಟ್ಟ ಮೇಲೆ ಒಪ್ಪಿದ.

ಕಿಟಕಿ ತಯಾರಾಗಿ ಬಂದ ದಿನ ಧೂಳು ತಾಗದಿರಲೆಂದು ಅಪ್ಪನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದೆ. ಹಳೆಯ ಚೌಕಟ್ಟುಗಳನ್ನು ಉಳಿ ಸುತ್ತಿಗೆಯಿಂದ ಕಿತ್ತರು. ಬಾಣದ ಗುರುತಿನ ಹಲಗೆ ಎರಡು ಹೋಳಾಗಿ ಅಂಗಳಕ್ಕೆ ಬಿತ್ತು. ಸಂಜೆಯವರೆಗೂ ಬಡಿತ ನಿಲ್ಲಲಿಲ್ಲ. ಆ ಸದ್ದಿನಲ್ಲಿ ಮಧ್ಯಾಹ್ನದ ಭೋಂಗಾ ಊದದೇ ಇದ್ದದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಕೆಲಸದವರು ಹೋದ ಮೇಲೆ ಅಪ್ಪನ ಗೆಳೆಯ ಬಂದ. ಒಳಗೆ ಬರಲಿಲ್ಲ, ನನ್ನನ್ನು ನಮ್ಮ ಮನೆಯ ಗೇಟಿನ ಹತ್ತಿರ ಕರೆದ. ಬೆಳಿಗ್ಗೆ ಪಾಳಿಗೆ ಹೋದವರನ್ನು ಮಧ್ಯಾಹ್ನಕ್ಕೆ ಮೊದಲೇ ಹೊರಗೆ ಕಳಿಸಿ ಕಾರ್ಖಾನೆಯ ಗೇಟಿಗೆ ಬೀಗ ಹಾಕಿದ್ದರು, ಇನ್ನು ತೆರೆಯುವುದಿಲ್ಲವಂತೆ. ಅಪ್ಪನಿಗೆ ಈಗಲೇ ಹೇಳುವುದು ಬೇಡ, ತಡೆದುಕೊಳ್ಳುವ ಎದೆಯಲ್ಲ ಎಂದೆ ನಾನು.

ಆತ ಗೇಟಿನ ಚಿಲಕವನ್ನು ಹೊರಗಿನಿಂದಲೇ ಹಾಕಿದ. “ಅವನ ಮುಂದ ಕುಂತು ಸುಳ್ಳು ಹೇಳಾಕ ನನಗ ಆಗಂಗಿಲ್ಲ ತಂಗಿ. ಬರೂದ ಬಿಡ್ತೀನಿ.”

ಹಾಗೆ ಬಿಟ್ಟೇಬಿಟ್ಟ. ನಾನು ಗಾಜು ಸರಿಸಲಿಲ್ಲ, ಪಕ್ಕದ ಮನೆಯಾಕೆಗೂ ಸರಿಸಬೇಡವೆಂದೆ. ಕಿಟಕಿಯ ಸುತ್ತ ಬಳಿದ ಸಿಮೆಂಟು ಆರಬೇಕು ಎಂದು ಮೊದಲು ಹೇಳಿದೆ, ಆಮೇಲೆ ಡಾಕ್ಟರ ಹೆಸರು ಹೇಳಿದೆ. ಮನೆ ಡಬ್ಬಿಯ ಹಾಗಾಯಿತು. ಮೊದಲು ಹೊರಗೆ ಹೋಗಿ ಕರಗುತ್ತಿದ್ದ ಅಪ್ಪನ ಕೆಮ್ಮು ಈಗ ನಾಲ್ಕು ಗೋಡೆಗೆ ಬಡಿದು ನನ್ನತ್ತಲೇ ಬರುತ್ತಿತ್ತು. ನಿನ್ನ ಕಿಟಕಿ ಭೋಂಗಾ ನುಂಗಿತು, ನನ್ನ ದೋಸ್ತನನ್ನೂ ನುಂಗಿತು ಎಂದು ಅವನು ಬಯ್ಯುತ್ತಿದ್ದ. ಬಯ್ಯಲಿ ಎಂದುಕೊಳ್ಳುತ್ತಿದ್ದೆ. ಕಿಟಕಿಯ ಮೇಲೆ ಸಿಟ್ಟಿದ್ದಷ್ಟು ದಿನ ಅವನ ಪಾಲಿಗೆ ಕಾರ್ಖಾನೆ ನಡೆಯುತ್ತಿರುತ್ತದೆ.

ನಾನು ರಜೆ ಹಾಕಿ ಮನೆಯಲ್ಲಿದ್ದ ಒಂದು ಮಧ್ಯಾಹ್ನ ಅಪ್ಪ ಎದ್ದು ಕೂತ. ಗೋಡೆಯ ಮೇಲಿನ ಬಿಸಿಲು ಕ್ಯಾಲೆಂಡರಿನ ಮೊಳೆ ಮುಟ್ಟಿತ್ತು, ಪಾಳಿ ಬದಲಾಗುವ ಹೊತ್ತು.

“ತೆಗಿ.”

“ಡಾಕ್ಟರು ಬೈತಾರಪಾ.”

“ನನಗ ಬೈತಾರ, ನಿನಗಲ್ಲ. ತೆಗಿ.”

ಗಾಜು ಸರಿಸಿದೆ. ಅಷ್ಟು ಸಲೀಸಾಗಿ ಸರಿಯಬಾರದಿತ್ತು ಅನ್ನಿಸಿತು. ಬೀದಿಯಲ್ಲೊಂದು ಆಟೋ ಹೋಯಿತು. ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಬಿಸಿಲು ಮೊಳೆಯನ್ನು ದಾಟಿತು. ಅಪ್ಪ ತನ್ನ ಎದೆ ಬಿಟ್ಟಷ್ಟು ಉಸಿರೆಳೆದುಕೊಂಡ, ಮತ್ತೊಮ್ಮೆ ಎಳೆದುಕೊಂಡ.

“ಹೊಗಿ ವಾಸನೀನೂ ಇಲ್ಲ,” ಎಂದ.

ನನಗೆ ಅದು ಹೊಳೆದೇ ಇರಲಿಲ್ಲ. ಭೋಂಗಾ ಕೆಟ್ಟಿದೆ ಎಂದು ಸದ್ದಿಗೆ ಒಂದು ನೆಪ ಹೇಳಬಹುದಿತ್ತು, ಹೊಗೆಗೆ ನೆಪ ಇರಲಿಲ್ಲ.

“ಎಂದ ಮುಚ್ಚಿದ್ರು?”

“ಕಿಟಕಿ ಕೂಡಿಸಿದ ದಿನ.”

“ಅದಕ್ಕ ಅಂವಾ ಬರವಲ್ಲ.”

ಹೌದೆಂದು ತಲೆಯಾಡಿಸಿದೆ. ಅಪ್ಪ ಅಳಲಿಲ್ಲ, ಕೆಮ್ಮಲೂ ಇಲ್ಲ. ನಾನು ಎದ್ದು ಗಾಜಿಗೆ ಕೈ ಹಾಕಿದೆ.

“ಬಿಡು, ತೆಗದ ಇರಲಿ,” ಎಂದ. “ಇನ್ನ ಮುಚ್ಚಿ ತಡಿಯೂದು ಏನೈತಿ?”

ಮರುದಿನ ಗೆಳೆಯನಿಗೆ ಹೇಳಿ ಕಳಿಸಿದೆ, ಆತ ಬಂದ. ಇಬ್ಬರೂ ಎದುರುಬದುರು ಕೂತು ಚಹಾ ಕುಡಿದರು. ಒಪ್ಪಿಸುವ ಸುದ್ದಿ ಇರಲಿಲ್ಲ. ಅಪ್ಪ ಮುಂದಿನ ಬೇಸಿಗೆ ನೋಡಲಿಲ್ಲ. ಅವನು ಇರುವವರೆಗೆ ಆ ಗಾಜನ್ನು ನಾನು ಮತ್ತೆ ಮುಚ್ಚಲಿಲ್ಲ.