ಹಣಮಂತ್ರಾಯರು ತಟ್ಟೆ ಬಡಿದದ್ದು

ಹಣಮಂತ್ರಾಯರು ಅರವತ್ತೊಂದು ವರ್ಷದ ಬಾಳಿನಲ್ಲಿ ಯಾರಿಗೂ ‘ಆಗೂದಿಲ್ಲ’ ಅಂದವರಲ್ಲ. ಮನೆತನ ಧಾರವಾಡದ್ದು, ನೌಕರಿ ಪುಣೆಯದು; ಅಲ್ಲಿನ ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಯಾರು ರಜೆ ಹಾಕಿದರೂ ಅವರ ಕೆಲಸ ಇವರ ಮೇಜಿಗೇ ಬರುತ್ತಿತ್ತು. ಇಂಥವರ ಮುಂದೆ ಸೋನಾಲಿ ಎಂಬ ಸಹಾಯಕ ನಿರ್ದೇಶಕಿ ಬಂದು, ಐತಿಹಾಸಿಕ ಧಾರಾವಾಹಿಗೆ ನಿಮ್ಮ ಹಳೇ ವಾಡೆ ಮನೆಯ ಅಂಗಳ ಆರು ದಿನ ಬೇಕು ಕಾಕಾ ಎಂದು ಮರಾಠಿಯಲ್ಲಿ ನಕ್ಕರೆ ಇನ್ನೇನಾಗುತ್ತದೆ? ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿಗಳನ್ನು ನೋಡಿ ಸಹಿ ಹಾಕಿದರು. ಅಂಕಿಯ ಕೆಳಗೆ ಇರುವೆಯಷ್ಟು ಸಣ್ಣಗೆ ಬರೆದಿದ್ದ ತಿಥಿಯನ್ನು ನೋಡಲಿಲ್ಲ.

ನೋಡಿದವರು ಹೆಂಡತಿ ವರದಾಬಾಯಿ, ಅದೂ ಶೂಟಿಂಗ್ ಶುರುವಾದ ಎರಡನೆಯ ದಿನ. ಐದನೆಯ ದಿನ ಮಾವನವರ ಶ್ರಾದ್ಧ.

ಅಷ್ಟರಲ್ಲಿ ಕಸಬಾ ಪೇಠೆಯ ಆ ವಾಡೆ ಮುನ್ನೂರು ವರ್ಷ ಹಿಂದಕ್ಕೆ ಹೋಗಿತ್ತು. ಲೈಟಿನ ಮೀಟರಿಗೆ ಗೋಣಿತಟ್ಟು, ನೀರಿನ ಟಾಕಿಗೆ ಹುಲ್ಲು. ರಾಯರ ಸ್ಕೂಟರಂತೂ ಬಣವೆಯೊಳಗೆ ಸೇರಿ ಔಷಧಿ ತರುವುದಕ್ಕೂ ರಾಯರು ನಡೆದೇ ಹೋಗಬೇಕಾಯಿತು. ಮನೆಯಲ್ಲಿ ಕೆಮ್ಮಿದರೂ ಸೋನಾಲಿ ಅಂಗಳದಿಂದ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಮಾತೆಲ್ಲ ಸ್ಥಳದಲ್ಲೇ ರೆಕಾರ್ಡ್ ಆಗಬೇಕಂತೆ. ಕುಕ್ಕರಿನ ಸೀಟಿಗೂ ಅವಳ ಅಪ್ಪಣೆ ಬೇಕಾಯಿತು.

ಶ್ರಾದ್ಧದ ದಿನ ಭಟ್ಟರು ಒಳಕೋಣೆಯಲ್ಲಿ ಮಂತ್ರವನ್ನು ಪಿಸುಗುಟ್ಟಿ ಮುಗಿಸಿ ಹೋದರು. ಹನ್ನೆರಡಕ್ಕೆ ರಾಯರು ಎಲೆಯಲ್ಲಿ ಅನ್ನ, ವಡೆ ಹಿಡಿದು ಮಾಳಿಗೆ ಹತ್ತಿ ಕಟ್ಟೆಯ ಮೇಲಿಟ್ಟರು. ಕಾಗೆ ಮುಟ್ಟಿದ ಮೇಲೇ ಮನೆಯವರ ಊಟ. ಎಂದಿನಂತೆ ಐದು ನಿಮಿಷದ ಕೆಲಸ. ಆದರೆ ಅಂದು ಒಂದು ಗಂಟೆಯಾದರೂ ಆಕಾಶದಲ್ಲಿ ಒಂದು ಕಪ್ಪು ಚುಕ್ಕೆ ಕಾಣಲಿಲ್ಲ.

ರಾಯರ ತಾಯಿ ಅಂಬಾಬಾಯಿಗೆ ಎಂಬತ್ನಾಲ್ಕು ವರ್ಷ, ಸಕ್ಕರೆ ಕಾಯಿಲೆ. ಬೆಳಗಿನಿಂದ ಬಾಯಲ್ಲಿ ನೀರೂ ಹಾಕಿರಲಿಲ್ಲ. ಆಕಳಿಗೆ ಇಟ್ಟರೂ ನಡೀತದ ಅಂತ ಭಟ್ಟರು ಹೇಳಿದ್ದಾರೆ ಎಂದು ಸೊಸೆ ನೆನಪಿಸಿದರೆ ಮುದುಕಿ ಗೋಡೆ ಕಡೆ ಮುಖ ತಿರುಗಿಸಿ, “ನಿಮ್ಮ ಮಾವ ಆಕಳಾಗಿ ಬರ್ತಾರೇನವಾ?” ಎಂದಳು. ಒಂದೂವರೆಗೆ ಅವಳ ಕೈ ನಡುಗತೊಡಗಿತು.

ರಾಯರು ಕೆಳಗಿಳಿದರು. ಅಂಗಳದಲ್ಲಿ ಒಬ್ಬ ಸರದಾರ ಸಾಯುತ್ತಿದ್ದ. ಬೆಳಗಿನಿಂದ ಹದಿಮೂರು ಸಲ ಸತ್ತಿದ್ದ. ಪ್ರತಿ ಸಲವೂ ಕೊನೆಯ ಮಾತು ಮರೆತು ಎದ್ದು ಕೂತು ನೀರು ಕೇಳುತ್ತಿದ್ದ. ಸೋನಾಲಿ ರಾಯರ ಮುಖ ನೋಡುವ ಮೊದಲೇ ಬೆರಳು ತುಟಿಗೆ ಒಯ್ದಳು. ತಾಯಿಯ ಸಂಗತಿ ಹೇಳಿದರೆ, ಇದೊಂದೇ ಶಾಟ್ ಕಾಕಾ ಎಂದಳು. ಹತ್ತು ಗಂಟೆಗೂ ಅದನ್ನೇ ಅಂದಿದ್ದಳು. ರಾಯರು ಅಭ್ಯಾಸಬಲದಿಂದ ‘ಆಗಲಿ’ ಎಂದು, ಮೂಲೆಗೆ ಬಂದು ತಮ್ಮಷ್ಟಕ್ಕೆ, “ಈ ಪೇಠ್ಯಾಗಿನ ಕಾಗಿಗೋಳು ಎಲ್ಲಿ ಹಾಳಾಗಿ ಹೋದ್ವೋ” ಎಂದು ಗೊಣಗಿದರು.

“ಸಾರ್, ನೀವು ಕನ್ನಡದವ್ರಾ?”

ಉದ್ದನೆಯ ಬಿದಿರಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಕೂತಿದ್ದವನು ಮುನಿಸ್ವಾಮಿ, ಕೋಲಾರದ ಕಡೆಯವನು. ಧ್ವನಿ ವಿಭಾಗದಲ್ಲಿ ಅವನದು ಒಂದೇ ಕೆಲಸ, ಕಾಗೆ ಓಡಿಸುವುದು. ಬಿದಿರು ಬೀಸಿದರೆ ಅವು ಇನ್ನೂ ಹೆಚ್ಚು ಕೂಗುತ್ತವೆ ಎಂದು ಮೊದಲ ದಿನವೇ ಅವನಿಗೆ ತಿಳಿದಿತ್ತು. ಅದಕ್ಕೆ ದಿನಾ ಹನ್ನೊಂದಕ್ಕೆ ಹಿಂದಿನ ಬೀದಿಯ ಕಟ್ಟಡದ ತಾರಸಿಯಲ್ಲಿ ತಟ್ಟೆ ಬಡಿದು ಕರೆದು ಎರಡು ಕಿಲೋ ಗಾಠಿಯಾ, ಕಡಲೆಹಿಟ್ಟಿನ ಕರಿದ ಕುರುಕಲು, ಸುರಿಯುತ್ತಿದ್ದ. ಪೇಠೆಯ ಕಾಗೆಗಳೆಲ್ಲ ತಿಂದು ಅಲ್ಲೇ ತೂಕಡಿಸುತ್ತಿದ್ದವು.

ರಾಯರು ಹಣೆ ಹಿಡಿದುಕೊಂಡರು. ಕಾಗೆಯಾಗಿ ಬಂದ ಧಾರವಾಡದ ಹಿರಿಯರಿಗೆ ಕೋಲಾರದವನು ಗುಜರಾತಿ ಫರಸಾಣ ತಿನ್ನಿಸಿ ಮಲಗಿಸಿದ್ದ.

ಸಂಗತಿ ಕೇಳಿ ಮುನಿಸ್ವಾಮಿಯೂ ಸಪ್ಪಗಾದ. “ತಟ್ಟೆ ಬಡಿದ್ರೆ ಬರ್ತಾವೆ ಸಾರ್. ಆದ್ರೆ ನಾನು ಬಡಿದ್ರೆ ಕೆಲಸ ಹೋಗುತ್ತೆ. ಶಾಟ್ ಮುಗೀಲಿ.”

ಹದಿನಾಲ್ಕನೆಯ ಸಾವು ಶುರುವಾಯಿತು. ರಾಯರು ಮೆಟ್ಟಿಲ ಬಳಿ ನಿಂತು ಒಳಗೆ ನೋಡಿದರು. ವರದಾಬಾಯಿ ಅತ್ತೆಯ ಹಣೆಯ ಬೆವರು ಒರೆಸುತ್ತಿದ್ದರು. ಈ ಸಲ ಸರದಾರನಿಗೆ ಮಾತೂ ನೆನಪಿತ್ತು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಸ್ವರಾಜ್ಯದ ಬಗ್ಗೆ ಅಪ್ಪಟ ಮರಾಠಿಯಲ್ಲಿ ಹೇಳುತ್ತಿದ್ದ; ಲೈಟಿನವನ ಕಣ್ಣಲ್ಲೂ ನೀರು. ಇಡೀ ವಾಡೆ ಉಸಿರು ಬಿಗಿಹಿಡಿದಿತ್ತು.

ರಾಯರು ಅಡುಗೆಮನೆಯ ಸ್ಟೀಲ್ ತಟ್ಟೆ, ಸೌಟು ತೆಗೆದುಕೊಂಡು ಮಾಳಿಗೆ ಹತ್ತಿದರು. ಒಂದು ಕ್ಷಣ ಅಂಜಿದರು. ಆಮೇಲೆ ಅರವತ್ತೊಂದು ವರ್ಷದ್ದೆಲ್ಲ ಸೇರಿಸಿ ಬಡಿದರು.

ಮೊದಲು ಒಂದು ಬಂತು, ಆಮೇಲೆ ನಲವತ್ತು. ಹೊಟ್ಟೆ ತುಂಬಿದ ಕಾಗೆಗಳು ಕರೆಗೆ ಓಗೊಟ್ಟು ಮಾಡಿನ ತುಂಬ ಕೂತು ಕಾವ್ ಕಾವ್ ಎಂದು ಮೂರು ಶತಮಾನಗಳನ್ನು ಒಟ್ಟಿಗೆ ಕಲಕಿದವು. ಒಂದು ಮುದಿ ಕಾಗೆ ಕುಪ್ಪಳಿಸುತ್ತ ಎಲೆಯ ಬಳಿ ಬಂತು. ಅನ್ನವನ್ನು ಅತ್ತ ಸರಿಸಿ ವಡೆಯನ್ನು ಮಾತ್ರ ಕಚ್ಚಿಕೊಂಡಿತು.

ವರದಾಬಾಯಿಯ ಭುಜ ಹಿಡಿದು ಮೆಟ್ಟಿಲ ತುದಿಗೆ ಬಂದಿದ್ದ ಅಂಬಾಬಾಯಿ ಇದನ್ನು ನೋಡಿದಳು. “ಅವರಽ. ಅನ್ನಾ ಬಿಟ್ಟು ವಡಿ ತಿನ್ನೂದು, ಕರದು ಎರಡ ತಾಸಿನ ಮ್ಯಾಲೆ ಊಟಕ್ಕ ಬರೂದು. ಸತ್ತರೂ ಚಟಾ ಬಿಡಲಿಲ್ಲ ನೋಡು,” ಎಂದು ಸಿಡುಕಿ, ನೀರು ಕೇಳಿದಳು.

ಕೆಳಗಿನಿಂದ ಸೋನಾಲಿ ಕಾಕಾ, ಕಾಕಾ ಎಂದು ಅರಚುತ್ತಿದ್ದಳು. ಹಣಮಂತ್ರಾಯರು ಕಟ್ಟೆಯ ಮೇಲಿಂದ ಬಗ್ಗಿ ಅವಳನ್ನು ನೋಡಿದರು. ತುಟಿಯ ಮೇಲೆ ಬೆರಳಿಟ್ಟರು. ಕಾಗೆ ಇನ್ನೂ ತಿನ್ನುತ್ತಿತ್ತು.